ಗೋಡೆಗೆ ಮೂರು ಪ್ರತಿ

ವಾರಕ್ಕೆ ಆರು ದಿನ ಹಂಪನಕಟ್ಟೆಯ ಮಾಳಿಗೆಯಲ್ಲಿ
ನೀಲಿ ಪರದೆಯ ಮುಂದೆ ಜನರನ್ನು ಕೂರಿಸಿ
"ಗಲ್ಲ ಚೂರು ಕೆಳಗೆ, ನಗಬೇಡಿ, ಅಲುಗಬೇಡಿ"
ಎನ್ನುವುದು ನನ್ನ ಕೆಲಸ.
ಏಳನೆಯ ದಿನ, ಆಟಿಯ ಈ ಭಾನುವಾರ,
ಹಾಲಿನ ತೊಟ್ಟೆ ಕತ್ತರಿಸಿ ಕ್ಯಾಮೆರಾಕ್ಕೊಂದು ಗೊರಬೆ ಮಾಡಿ
ಕೊಡೆಯ ಹಿಡಿಯನ್ನು ಕೆನ್ನೆಗೂ ಭುಜಕ್ಕೂ ನಡುವೆ ಸಿಕ್ಕಿಸಿ
ಬಂದರಿನ ಹಿಂದಿನ ಓಣಿಗಳಿಗೆ ಇಳಿಯುತ್ತೇನೆ.

ಬೋಟುಗಳನ್ನು ಕಟ್ಟಿಹಾಕಿದ ತಿಂಗಳು. ಐಸಿನ ಗಾಡಿಯ ಸದ್ದಿಲ್ಲ.
ಮೆಣಸಿನ ಮಂಡಿಗೆ ಬಾಗಿಲು, ಆದರೂ ಸೀನು ಬರುತ್ತದೆ.
ಗೂಡ್ಸ್ ಟೆಂಪೋದ ಟಾರ್ಪಾಲಿನಡಿಯಿಂದ
ಎರಡು ಅಂಗಾಲು ಮಾತ್ರ ಹೊರಗೆ, ನೆನೆಯುತ್ತ ನಿದ್ರಿಸುತ್ತವೆ.
ಕ್ಲಿಕ್.
ಕಾವಿ ಮೆಟ್ಟಿಲ ಮೇಲೆ ಒಂದು ಹವಾಯಿ ಚಪ್ಪಲಿ,
ಅದರ ಜೋಡಿ ಚರಂಡಿಯಲ್ಲಿ ಮೂರು ಮನೆ ದಾಟಿದೆ.
ಎರಡೂ ಒಂದೇ ಚೌಕಟ್ಟಿಗೆ ಬರಲೊಲ್ಲವು.
ಹಿಂದೆ ಸರಿದೆ, ಮುರಕಲ್ಲಿನ ಗೋಡೆ ಬೆನ್ನಿಗೆ ತಾಗಿತು,
ಅಂಗಿಯಲ್ಲಿ ಪಾಚಿ.

"ಎಂತ ತೆಗೆಯುವುದು ನೀವು? ಕಾರ್ಪೊರೇಶನ್ನಿನವರಾ?"
ಕಿಟಕಿಯ ಒಂದೇ ಪಡಿ ತೆರೆದು ಸೆವ್ರಿನ್ ಬಾಯಿ.
"ಅಲ್ಲ ಬಾಯಿ, ಸುಮ್ಮನೆ."
"ಸುಮ್ಮನೆಯಾ!
ಹಾಗಾದರೆ ಇದನ್ನೂ ಒಂದು ತೆಗೆಯಿರಿ."

ಕಿಟಕಿಯ ಮೂಲೆಯಿಂದ ಪಂಚಾಂಗದವರೆಗೆ ಬಿರುಕು.
ಅಡ್ಡಕ್ಕೆ ಪೆನ್ಸಿಲ್ ಗೆರೆಗಳು, ಪಕ್ಕದಲ್ಲಿ ಇಸವಿ.
ಮೊದಲ ಮಳೆಗೆ ಬೆಂಕಿಕಡ್ಡಿ ಹಿಡಿಸುತ್ತಿತ್ತಂತೆ,
ಆಮೇಲೆ ಪೆನ್ಸಿಲೇ,
ಹೋದ ವರ್ಷ ಕಿರುಬೆರಳು.
"ಮೊಬೈಲಿನಲ್ಲಿ ತೆಗೆದರೆ ಕೂದಲಿನ ಹಾಗೆ ಬರ್ತದೆ.
ಆಫೀಸಿನವರು ನೋಡಿ, ಗುಡಿಸಿ ಬಿಡಿ ಅಂತಾರೆ."

ಕೂತೆ. ಮೊಣಕಾಲು ನೀರಿನಲ್ಲಿ.
ಮಾಡಿನ ಒಂದೊಂದು ಹಂಚಿನಿಂದ ಒಂದೊಂದು ದಾರ
ನನ್ನ ಕೊಡೆಯ ಮೇಲೆ.
ಫೋಕಸ್ ಕೂಡುವ ಹೊತ್ತಿಗೆ ಬಾಯಿತಪ್ಪಿ ಬಂತು:
"ಅಲುಗಬೇಡಿ."
ಹಿಂದಿನಿಂದ ನಕ್ಕರು.
"ಸರಿಯಾಗಿ ಹೇಳಿದಿರಿ ಮಾರಾಯ್ರೆ,
ನಾನೂ ದಿನಾ ರಾತ್ರಿ ಅದಕ್ಕೆ ಅದನ್ನೇ ಹೇಳುವುದು."

ಅಳತೆ ತಿಳಿಯಲೆಂದು ಬಾಗಿಲ ಬೀಗದಕೈಯನ್ನೇ
ಬಿರುಕಿನೊಳಗೆ ತೂರಿಸಿ ಹಿಡಿದರು.
ಸಲೀಸಾಗಿ ಹೋಯಿತು.
ತಿರುಗಿಸಿದ್ದರೆ ಏನು ತೆರೆಯುತ್ತಿತ್ತೋ,
ಇಬ್ಬರೂ ತಿರುಗಿಸಲಿಲ್ಲ.

ರಾತ್ರಿ ಅರುವತ್ತಮೂರು ಚಿತ್ರ ನೋಡಿದೆ.
ಚಪ್ಪಲಿ ಮಸುಕು. ಅಂಗಾಲು ಪರವಾಗಿಲ್ಲ.
ಬಿರುಕೊಂದು ಸ್ಪಷ್ಟ,
ಅಂಚಿನಲ್ಲಿ ಅವರ ಕೈ.
ಅರ್ಜಿಗೆ ಕೈ ಬೇಡ, ಕತ್ತರಿಸೋಣವೆಂದು ಹಿಗ್ಗಿಸಿದರೆ
ಉಗುರಿನಡಿ ತೆಂಗಿನತುರಿ.
ಮಧ್ಯಾಹ್ನದ ಅಡಿಗೆ ಅರ್ಧಕ್ಕೆ ಬಿಟ್ಟು ಬಂದಿದ್ದರು.
ಹಾಗೇ ಬಿಟ್ಟೆ.

ಮೂರು ಪ್ರತಿ. ಒಂದು ವಾರ್ಡ್ ಆಫೀಸಿಗೆ, ಒಂದು ಬಾಯಿಗೆ.
ಮೂರನೆಯದನ್ನು ಸ್ಟುಡಿಯೋದ ನೀಲಿ ಪರದೆಯ ಹಿಂದೆ,
ನಮ್ಮ ಗೋಡೆಯೂ ಬೆವರುವ ಜಾಗದಲ್ಲಿ
ಅಂಟಿಸಿದ್ದೇನೆ.
ಮುಂದೆ ಕೂತವರಿಗೆ ಅದು ಕಾಣುವುದಿಲ್ಲ.