ಹತ್ತಾದ ಮೇಲೆ ಮತ್ತೆ ಒಂದು

ಲಗ್ಗೆರೆಯ ಇಳಿಜಾರು, ಲೇತ್ ಶೆಡ್ಡಿನ ಪಕ್ಕ
ನಮ್ಮ ಅಂಗನವಾಡಿ. ಒಂದೇ ಕೋಣೆ.
ಗೋಡೆಗೆ ಇಲಾಖೆ ಕೊಟ್ಟ ಚಾರ್ಟು:
ಹೊಳೆ, ಕೆರೆ, ಬಾವಿ, ಸಮುದ್ರ.
ಕೋಲು ಮುಟ್ಟಿಸಿ ಕೇಳಿದೆ,
"ನೀರು ಎಲ್ಲಿಂದ ಬರುತ್ತೆ, ಹೇಳಿ ನೋಡೋಣ?"

"ಟ್ಯಾಂಕರಿಂದ" ಅಂದ ನಿರೂಪ.
"ಓನರ್ ಆಂಟಿ ಮೋಟ್ರು ಹಾಕಿದ್ರೆ" ಅಂದಳು ಮುಬೀನಾ.
ಎಸ್ತರ್ ರಾಣಿ ಮೂಗು ಒರೆಸಿಕೊಂಡು
ತುಂಬ ಹೊತ್ತು ಯೋಚಿಸಿ ಹೇಳಿದಳು:
"ರಾತ್ರಿ ಬರುತ್ತೆ ಮಿಸ್. ನಮ್ಮಮ್ಮ ಎದ್ರೆ ಬರುತ್ತೆ.
ಅಮ್ಮ ಏಳ್ಲಿಲ್ಲ ಅಂದ್ರೆ ಬರಲ್ಲ."

ಸಮುದ್ರದ ಮೇಲೆ ಕೋಲು ಇಟ್ಟುಕೊಂಡೇ ನಿಂತೆ.
ಇದನ್ನು ತಪ್ಪು ಅನ್ನುವುದು ಹೇಗೆ?

ಆಮೇಲೆ ಆಟ. ಒಂದು ಬಕೆಟ್ಟು ನೀರು,
ಎರಡು ಸ್ಟೀಲ್ ಲೋಟ: ಒಂದು ತುಂಬಿದ್ದು, ಒಂದು ಖಾಲಿ.
"ಇದರಲ್ಲಿರೋದನ್ನ ಅದಕ್ಕೂ ಕೊಡಿ,
ಹಂಚಿಕೊಳ್ಳೋದು ಅಂದ್ರೆ ಇದೇ."
ಕೈಪಿಡಿಯಲ್ಲಿ ಹಾಗೇ ಇದೆ, ಸಮ ಬರಬೇಕು ಅಂತ.
ನಿರೂಪ ಸಮ ಮಾಡಲಿಲ್ಲ, ಪೂರಾ ಸುರಿದುಬಿಟ್ಟ.
ಬರಿದಾದ ಲೋಟ ಬೋರಲು ಹಾಕಿ
"ಆಯ್ತು" ಅಂದ, ಊಟ ಮುಗಿಸಿ ಎದ್ದವನ ಹಾಗೆ.

ಆಗಲೇ ಗೇಟು ಅಲುಗಿದ ಸದ್ದು.
ಹಿಂದಿನ ವಠಾರದ ದೇವೀರಮ್ಮ,
ಸೊಂಟದಲ್ಲಿ ನೀಲಿ ಪ್ಲಾಸ್ಟಿಕ್ ಬಿಂದಿಗೆ.
"ಟೀಚರಮ್ಮ, ಮೂರು ದಿನ ಆಯ್ತು.
ಒಂದೇ ಒಂದು ಬಿಂದಿಗೆ. ಅಕ್ಕಿ ತೊಳೀಬೇಕು."

ನಾನು ಸೆರಗಿನ ತುದಿಯ ಗಂಟು ಮುಟ್ಟಿಕೊಂಡೆ.
ಡ್ರಮ್ಮಿಗೆ ಬೀಗ ಹಾಕಿಸಿದ್ದು ನಾನೇ.
ಇಪ್ಪತ್ತಮೂರು ಮಕ್ಕಳು, ಗುರುವಾರದವರೆಗೆ ಟ್ಯಾಂಕರಿಲ್ಲ,
ಇವತ್ತು ಇವರಿಗೆ ಕೊಟ್ಟರೆ ನಾಳೆ ಬೀದಿಗೆ ಬೀದಿಯೇ ನಿಲ್ಲುತ್ತೆ.
ಯಾವುದೂ ಸುಳ್ಳಲ್ಲ. ಈಗಲೂ ಹೇಳುತ್ತೇನೆ, ಸುಳ್ಳಲ್ಲ.
"ಇದು ಮಕ್ಕಳ ನೀರು ಕಣಮ್ಮ" ಅಂದೆ.

ಮಕ್ಕಳು ಕೇಳಿಸಿಕೊಂಡವು.

ಎಸ್ತರ್ ರಾಣಿ ಎದ್ದಳು.
ಬಕೆಟ್ಟಿಗೆ ಲೋಟ ಅದ್ದಿ, ಎರಡೂ ಕೈಯಲ್ಲಿ ಹಿಡಿದು,
ನಾಲಿಗೆಯ ತುದಿ ಹಲ್ಲಿನ ನಡುವೆ ಕಚ್ಚಿಕೊಂಡು
ಗೇಟಿನ ಸರಳ ಸಂದಿಯಿಂದ ಕೈ ತೂರಿಸಿದಳು.
ಅರ್ಧ ಬಿಂದಿಗೆಗೆ, ಅರ್ಧ ದೇವೀರಮ್ಮನ ಕಾಲಿಗೆ.
"ಒಂದು" ಅಂದಳು.

ನಿರೂಪ ಎರಡು. ಮುಬೀನಾ ಮೂರು.
ನೂಕುನುಗ್ಗಲು, ಜಾರುವ ನೆಲ, ಯಾರದೋ ಅಳು, ಐದು.
ಮಾದೇಶ ಮಾತ್ರ ತನ್ನ ಬಾಟಲಿಯ ಮುಚ್ಚಳ ಬಿಗಿದು
ಅದರ ಮೇಲೇ ಕೂತುಬಿಟ್ಟ.
ಅವನನ್ನು ಯಾರೂ ಏನೂ ಅನ್ನಲಿಲ್ಲ.
ಹತ್ತು ಬಂತು. ಹತ್ತರ ಆಚೆಗೆ ನಾನಿನ್ನೂ ಕಲಿಸಿಲ್ಲ.
ಮುಬೀನಾ ಒಂದು ಕ್ಷಣ ನಿಂತು, ನನ್ನ ಮುಖ ನೋಡಿ,
ತಾನೇ ತೀರ್ಮಾನಿಸಿದಳು:
"ಒಂದು."

ಹೀಗೆ ಮೂರು ಸಲ ಒಂದು ಬಂತು.
ದೇವೀರಮ್ಮ ಕುಕ್ಕರುಗಾಲಲ್ಲಿ ಕೂತು,
ಬಿಂದಿಗೆಯನ್ನು ಪುಟ್ಟ ಕೈಗಳ ಎತ್ತರಕ್ಕೆ ವಾಲಿಸಿ ಹಿಡಿದಿದ್ದಳು.
ನಗುತ್ತಿರಲಿಲ್ಲ. ಪ್ರತಿ ಲೋಟಕ್ಕೂ
"ಹೂಂ ಕಂದ, ಹೂಂ" ಅನ್ನುತ್ತಿದ್ದಳು.

ಬಕೆಟ್ಟಿನ ತಳ ಕಂಡಿತು.
ಬಿಂದಿಗೆಯ ಕುತ್ತಿಗೆ ಇನ್ನೂ ದೂರ.
ನಿರೂಪ ಬಂದು ಲೋಟ ಒಡ್ಡಿದ, "ಮಿಸ್, ಖಾಲಿ."
ಕೇಳುವ ದನಿಯಲ್ಲ, ವರದಿ ಒಪ್ಪಿಸುವ ದನಿ.
ಸೆರಗಿನ ಗಂಟು ತುಂಬ ಬಿಗಿಯಾಗಿತ್ತು,
ಹಲ್ಲಿನಿಂದ ಬಿಚ್ಚಬೇಕಾಯಿತು.

ಮೂರೂವರೆಗೆ ತಾಯಂದಿರು.
"ಯಾಕೆ ಟೀಚರ್, ಎಲ್ಲ ಒದ್ದೆ?"
ಚಡ್ಡಿ ಹಿಂಡುತ್ತ ಎಸ್ತರಳ ಅಮ್ಮ ಆಕಳಿಸಿದಳು.
ರಾತ್ರಿ ಎದ್ದಿದ್ದಳೇನೋ, ಕೇಳಲಿಲ್ಲ.

ರಿಜಿಸ್ಟರಿನಲ್ಲಿ ಬರೆದೆ:
ವಿಷಯ, ನೀರು. ಚಟುವಟಿಕೆ, ಸುರಿಯುವುದು.
ಕಲಿಕೆ, ಒಂದರಿಂದ ಹತ್ತು.

ಹೊರಡುವ ಮುಂಚೆ ಡ್ರಮ್ಮು ತಟ್ಟಿ ನೋಡಿದೆ.
ಮೇಲೆ ಟೊಳ್ಳು ಸದ್ದು, ಸೊಂಟದ ಕೆಳಗೆ ಮಂದ.
ಗುರುವಾರಕ್ಕೆ ಇನ್ನೂ ಎರಡು ದಿನ.
ಮತ್ತೆ ಬೀಗ ಹಾಕಿದೆ, ಹಾಕಲೇಬೇಕು.
ಬೀಗದಕೈ ಸೆರಗಿಗೆ ಕಟ್ಟಿಕೊಂಡೆ,
ಹಲ್ಲು ಬೇಕಾಗದಷ್ಟು ಸಡಿಲವಾಗಿ.