ಬಿಳಿ ಕಾಯುವುದಿಲ್ಲ

ನವೆಂಬರಿನ ಮೊದಲ ಹಿಮ ಬಿದ್ದ ದಿನವೇ
ಒಡೆಸ್ಸಾ ಅತ್ತೆ ಮೊಟ್ಟೆ ಒಡೆಯಲು ಕೂರುತ್ತಿದ್ದಳು.
ಲೂನೆನ್‌ಬರ್ಗಿನ ಇಳಿಜಾರು ಬೀದಿ, ಹಲಗೆಯ ಮನೆ,
ಕಿಟಕಿಯಾಚೆ ಹಡಗುಕಟ್ಟೆ, ಒಣಮೀನಿನ ವಾಸನೆ.
ಹನ್ನೆರಡು ಮೊಟ್ಟೆ. ಚಿಪ್ಪಿಂದ ಚಿಪ್ಪಿಗೆ
ಹಳದಿಯನ್ನು ಹೊರಳಿಸಿ ಹೊರಳಿಸಿ,
ಬಿಳಿ ತಾನಾಗಿ ಜಾರಿಹೋಗುವ ತನಕ.
"ಬಿಳಿಗೆ ಒಂದು ಹನಿ ಹಳದಿ ಬಿತ್ತೋ, ಕೆಟ್ಟಿತು.
ಹಳದಿಗೆ ಬಿಳಿ ಬಿದ್ದರೆ ಪರವಾಗಿಲ್ಲ.
ನ್ಯಾಯವಲ್ಲ. ಏನು ಮಾಡೋದು?"

ಹಳದಿಗೆ ಸಕ್ಕರೆ. ಮರದ ಸೌಟು ಎತ್ತಿದರೆ
ರಿಬ್ಬನ್ನಿನಂತೆ ಇಳಿದು, ಮೇಲೆ ಅರೆಗಳಿಗೆ ನಿಂತು, ಮುಳುಗಬೇಕು.
ಆಮೇಲೆ ರಮ್ಮು, ಅದೇ ಅರ್ಧ ಚಿಪ್ಪಿನ ಅಳತೆ:
ಮೊಟ್ಟೆಗೆ ಎರಡು. ಪಾದ್ರಿ ಬರುವುದಿದ್ದರೆ ಮೂರು.
ಅಜ್ಜನ ಕಾಲಕ್ಕೆ ನಮ್ಮ ಉಪ್ಪುಮೀನು ತೆಂಕಣ ದ್ವೀಪಗಳಿಗೆ ಹೋಗಿ
ಪೀಪಾಯಿ ರಮ್ಮಾಗಿ, ಗೋಣಿ ಜಾಯಿಕಾಯಾಗಿ ತಿರುಗಿ ಬರುತ್ತಿತ್ತಂತೆ.
ನಮ್ಮ ಕಾಲಕ್ಕೆ ಸರಕಾರಿ ಅಂಗಡಿ, ಸರದಿ ಸಾಲು.
ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ನೆಲಮಾಳಿಗೆಗೆ ಇಳಿಸುವಾಗ
ಅದಕ್ಕೊಂದು ಮಾತು: "ಆರು ವಾರ ತೆಪ್ಪಗಿರು."

ಉಳಿದ ಹನ್ನೆರಡು ಬಿಳಿ ಮಕ್ಕಳ ಪಾಲು,
ಸಕ್ಕರೆ ಹಾಕಿ ಬಡಿದು, ಒಲೆಯಲ್ಲಿ ಒಣಗಿಸಿ.
ವಾರವಿಡೀ ತಿಂದು ಹಲ್ಲುನೋವು.

ಹಳದಿ ಕಾಯುತ್ತದೆ.
ಕಾದಷ್ಟೂ ಮೆತ್ತಗಾಗಿ, ರಮ್ಮಿನ ಕೊಂಬು ಮುರಿಯುತ್ತದೆ.
ಬಿಳಿ ಮಾತ್ರ ಆ ರಾತ್ರಿಯದೇ ಆಗಬೇಕು,
ಬಂದವನು ಕೋಟು ಬಿಚ್ಚುವಷ್ಟರಲ್ಲಿ ಬಡಿದು
ಬಟ್ಟಲ ತುಂಬ ಏಳಿಸಬೇಕು.
ಹತ್ತು ನಿಮಿಷ ಬಿಟ್ಟರೆ ತಳದಲ್ಲಿ ನೀರು.

ಆದರೆ ಹಗಲು ಕುಗ್ಗಿದರೆ ಕೋಳಿ ಮೊಟ್ಟೆಯಿಡದು.
ಆ ವರ್ಷ ಒಂಬತ್ತು ಕೋಳಿಗೆ ವಾರಕ್ಕೆ ಮೂರು.
ಗೂಡಿನಲ್ಲಿ ಲಾಟೀನು ತೂಗುಹಾಕಿ
ಇದೇ ಸೂರ್ಯ ಎಂದು ಅತ್ತೆ ಸುಳ್ಳು ಹೇಳಿದಳು.
ಎರಡು ಕೋಳಿ ನಂಬಿದವು.

ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ
ಆಂಬ್ರೋಸ್ ಮಾವನ ದೋಣಿ ಬರಲಿಲ್ಲ.
ನೆರೆಯವರಿಗೆಲ್ಲ ಬಟ್ಟಲು ಕೊಟ್ಟಳು:
ಭರಣಿಯ ಹಳದಿ, ಹಾಲು, ಕೆನೆ, ತುರಿದ ಜಾಯಿಕಾಯಿ.
ನೊರೆ ಇಲ್ಲ.
ಮೂರು ಮೊಟ್ಟೆ ಕಿಟಕಿಯ ಹಲಗೆಯ ಮೇಲೆ ಹಾಗೇ ಇದ್ದವು.
ಯಾರೂ ಕೇಳಲಿಲ್ಲ.
ಜ್ವಿಕರ್ ಮನೆಯ ಚಿಕ್ಕವಳು ಬಾಯಿ ತೆರೆದಳು;
ಅವಳಮ್ಮ ಅವಳ ಕಾಲು ತುಳಿದಳು.

ಜನವರಿ ಮೂರು, ನಡುರಾತ್ರಿ ಕಳೆದು, ಮೆಟ್ಟಿಲಲ್ಲಿ ಬೂಟು.
ಅತ್ತೆ ಓಡಲಿಲ್ಲ, ಅಳಲಿಲ್ಲ.
ತಾಮ್ರದ ಬೋಗುಣಿ ಇಳಿಸಿ ಮೊಟ್ಟೆ ಒಡೆದಳು,
ಬಡಿಯತೊಡಗಿದಳು.
ಮಾವ ಹೊಸ್ತಿಲಲ್ಲೇ ನಿಂತ, ಗಡ್ಡದಲ್ಲಿ ಹಿಮದ ಹರಳು,
ಒಳಗೆ ಬರಲೋ ಬೇಡವೋ ತಿಳಿಯದೆ.
ಅವಳ ಮೊಣಕೈ ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ.
ಕೊನೆಗೆ ಬೋಗುಣಿಯನ್ನು ತನ್ನ ತಲೆಯ ಮೇಲೇ ಬೋರಲು ಹಿಡಿದಳು.
ನೊರೆ ಬೀಳಲಿಲ್ಲ.
ಆಗ ಅವನ ಕಡೆ ತಿರುಗಿದಳು.

ಅವನು ಕುಡಿದು, ಮೀಸೆ ಒರೆಸದೆ,
"ಜಾಯಿಕಾಯಿ ಕಡಿಮೆಯಾಯ್ತು" ಅಂದ.
ಆಮೇಲೂ ಬಡಿದಳು.
ಮೊಟ್ಟೆಯನ್ನಲ್ಲ.

ಈಗ ಹ್ಯಾಲಿಫ್ಯಾಕ್ಸಿನಲ್ಲಿ ನನಗೆ ಎಂಟನೆಯ ಮಹಡಿ,
ಹಸಿ ಮೊಟ್ಟೆ ಬೇಡವೆಂದ ವೈದ್ಯೆ.
ಹಾಲಿನೊಡನೆ ಸಣ್ಣುರಿಯಲ್ಲಿ ಕದಡುತ್ತೇನೆ,
ಥರ್ಮಾಮೀಟರಿನಲ್ಲಿ ಎಪ್ಪತ್ತೊಂದು ಆಗುವ ತನಕ,
ಸೌಟಿನ ಬೆನ್ನಿಗೆ ಅಂಟಿ, ಬೆರಳಲ್ಲಿ ಗೆರೆ ಎಳೆದರೆ ನಿಲ್ಲುವ ತನಕ.
ಕುದಿದರೆ ಒಡೆದು ಗಂಟು.
ರುಚಿ ಇದೆ. ನೆಂಟರ ಮುಂದೆ ಕೂತ ಮಗುವಿನಂಥ ರುಚಿ.
ಪೆಟ್ಟಿಗೆಯಲ್ಲಿ ಮಾರುವ ಬಿಳಿ ಎಷ್ಟು ಬಡಿದರೂ ಏಳುವುದಿಲ್ಲ,
ಅದಕ್ಕೆ ಯಾರೂ ಬಾಕಿಯಿಲ್ಲ.

ಆದರೂ ಡಿಸೆಂಬರಿನಲ್ಲಿ ಮೂರು ಮೊಟ್ಟೆ ತಂದು
ಕಿಟಕಿಯ ಹಲಗೆಯ ಮೇಲೆ ಇಡುತ್ತೇನೆ.
ಇಂಥವರಿಗೆ ಅಂತೇನಿಲ್ಲ.
ಜನವರಿ ಮೂರರ ರಾತ್ರಿ ಲಿಫ್ಟಿನ ಸದ್ದು ಕೇಳುತ್ತ ಕೂತಿದ್ದು,
ಮರುದಿನ ಬೆಳಿಗ್ಗೆ
ಆಮ್ಲೆಟ್ ಮಾಡಿ ತಿನ್ನುತ್ತೇನೆ.