ನಿಂತು ತಿಂದದ್ದು

ಮಂಗಳವಾರ ನಾಲ್ಕಕ್ಕೆ, ಅರಸೀಕೆರೆಯ ಆರೋಗ್ಯ ಕೇಂದ್ರದಲ್ಲಿ
ಲಸಿಕೆಯ ಫ್ರಿಜ್ಜು ಗುಂಯ್‌ಗುಡುವ ಹಿಂದಿನ ಕೋಣೆ.
ಏಳು ಪ್ಲಾಸ್ಟಿಕ್ ಕುರ್ಚಿ. ಕೈ ಇಲ್ಲದವು ಎರಡೇ.
ಅವಕ್ಕಾಗಿ ಎಲ್ಲರೂ ಹತ್ತು ನಿಮಿಷ ಮೊದಲೇ ಬರುತ್ತೇವೆ,
ಯಾಕೆಂದು ಯಾರೂ ಹೇಳುವುದಿಲ್ಲ.

ಮೊದಲ ದಿನ ಶಮೀನಾ ಮೇಡಂ
ತೂಕದ ಯಂತ್ರಕ್ಕೆ ಟವೆಲ್ ಹೊದಿಸಿದರು,
ರಾತ್ರಿ ಗಿಳಿಯ ಪಂಜರಕ್ಕೆ ಹೊದಿಸುವ ಹಾಗೆ.
"ಇವತ್ತು ಇದು ಮಲಗಲಿ."
ಓಂಕಾರಯ್ಯ ನಕ್ಕ. ನನಗೆ ನಗು ಬರಲಿಲ್ಲ,
ಈ ಊರಿನ ಇನ್ನೊಂದು ಯಂತ್ರ ನೆನಪಾಯಿತು.

ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಕೆಂಪು ಹಳದಿ ಬಲ್ಬು ಮಿನುಗಿಸುತ್ತ
ನಾಣ್ಯ ನುಂಗಿ ಚೀಟಿ ಉಗುಳುತ್ತಿತ್ತು.
ಹನ್ನೊಂದು ವರ್ಷ ನನಗೆ. ಸೋದರಮಾವ ಚೀಟಿ ಕಿತ್ತು
ಅಂಕಿಯನ್ನು ಗಟ್ಟಿಯಾಗಿ ಓದಿದ.
ರೈಲು ಕಾಯುತ್ತಿದ್ದವರೆಲ್ಲ ತಿರುಗಿದರು.
ಚೀಟಿಯ ಹಿಂದುಗಡೆ ಭವಿಷ್ಯ ಇರುತ್ತಿತ್ತು,
ಅದನ್ನು ಯಾರೂ ಓದಲಿಲ್ಲ.

ಬಿ.ಎಚ್. ರಸ್ತೆಯಲ್ಲಿ, ಮೆಟ್ಟಿಲ ಕೆಳಗೆ ನನ್ನ ಹೊಲಿಗೆಯಂಗಡಿ.
ಕೊರಳಲ್ಲಿ ಟೇಪು, ತಾಳಿಗಿಂತ ಹಳೆಯದು.
ಊರಿನ ಅರ್ಧ ಹೆಂಗಸರ ಸುತ್ತಳತೆ ನನ್ನ ಪುಸ್ತಕದಲ್ಲಿದೆ.
"ಒಳಗೆ ಎರಡಿಂಚು ಬಿಡಿ ಅಕ್ಕಾ" ಅಂತಾರೆ,
ಸಾಲ ಕೇಳುವ ದನಿಯಲ್ಲಿ.
ನನ್ನ ರವಿಕೆಗೆ ಮಾತ್ರ ಅಳತೆ ತೆಗೆದವಳಲ್ಲ.
ಹಳೆಯದನ್ನು ಮೇಲಿಟ್ಟು ಕತ್ತರಿಸುವುದು,
ಆಮೇಲೆ ಕಂಕುಳಲ್ಲಿ ತೇಪೆ.

ಏನು ತಿಂದೆ ಎಂದು ಕೇಳಿದವರೇ ಈವರೆಗೆ ಎಲ್ಲ.
ಪಟ್ಟಿ ಕೊಟ್ಟರು: ಮುದ್ದೆ ಅರ್ಧ, ಅನ್ನ ಬೇಡ, ಕಾಯಿ ಬೇಡ.
ಅರಸೀಕೆರೆಯಲ್ಲಿ ಕೂತು ಕಾಯಿ ಬೇಡ!
ಮೇಡಂ ಕೇಳಿದ್ದು ಬೇರೆ:
"ತಿನ್ನುವಾಗ ಎಲ್ಲಿರ್ತೀರಿ?"

ನಾಲ್ಕು ಮಂಗಳವಾರ ಸುಳ್ಳು ಹೇಳಿದೆ.
ಐದನೆಯದರಲ್ಲಿ, ಕರೆಂಟು ಹೋಗಿ ಫ್ರಿಜ್ಜು ಸುಮ್ಮನಾದಾಗ
ಬಾಯಿ ತಾನೇ ಬಿಚ್ಚಿತು:
ರಾತ್ರಿ ಹನ್ನೊಂದಕ್ಕೆ. ಅಡುಗೆಮನೆ. ಲೈಟು ಹಾಕದೆ.
ಡಬ್ಬದಿಂದಲೇ ಕೋಡುಬಳೆ, ಸದ್ದಾಗದಂತೆ
ಬಾಯಲ್ಲೇ ನೆನೆಸಿ. ನಿಂತುಕೊಂಡು.
"ನಿಂತು ಯಾಕೆ?"
"ಕೂತರೆ ಊಟದ ಲೆಕ್ಕ ಆಯ್ತದಲ್ಲ ಮೇಡಂ."

ಯಾರೂ ಛೇ ಅನ್ನಲಿಲ್ಲ.
ಓಂಕಾರಯ್ಯ ನೆಲ ನೋಡುತ್ತ
"ನಾನು ಸ್ಕೂಟರ್ ಮೇಲೆ" ಅಂದ.
ಫಿಲೋಮಿನಾ, "ಬಚ್ಚಲಲ್ಲಿ."
ಅಷ್ಟೆ. ಯಾರ ತೂಕವೂ ಇಳಿಯಲಿಲ್ಲ ಆಗ.
ಕುರ್ಚಿಗಳು ಕಿರುಗುಟ್ಟಿದವು,
ಮೊದಲ ಸಲ ಹಿಂದಕ್ಕೆ ಒರಗಿದ್ದೆವು.

ಆ ರಾತ್ರಿ ಲೈಟು ಹಾಕಿದೆ.
ತಟ್ಟೆಯಲ್ಲಿ ನಾಲ್ಕು ಇಟ್ಟುಕೊಂಡು ಕೂತೆ.
ಕಟುಂ ಅಂತು. ಗಂಡ ಎದ್ದು ಬಂದು ನೀರು ಕುಡಿದು
ನನ್ನನ್ನೂ ತಟ್ಟೆಯನ್ನೂ ನೋಡಿ
ಒಂದನ್ನು ಎತ್ತಿಕೊಂಡು ಹೋದ.
ಮೂರು ತಿಂದೆ. ಅಳು ಬಂತು, ಯಾಕೋ.
ಗುರುವಾರ ಮತ್ತೆ ಕತ್ತಲಲ್ಲಿ ನಿಂತೆ, ಅದೂ ನಿಜ.
ಮಂಗಳವಾರ ಅದನ್ನೂ ಹೇಳಿದೆ.

ನಿನ್ನೆ ಶಟರ್ ಅರ್ಧ ಇಳಿಸಿ
ಟೇಪನ್ನು ನನಗೇ ಸುತ್ತಿಕೊಂಡೆ. ತಣ್ಣಗಿತ್ತು.
ಪುಸ್ತಕದಲ್ಲಿ, ಬೇರೆಯವರ ಹೆಸರಿನ ಕೆಳಗೆ ಬರೆದೆ:
ಪಂಕಜಾಕ್ಷಿ, ಮೆಟ್ಟಿಲ ಕೆಳಗಿನವಳು.
ಬಂದಷ್ಟೂ ಅಂಕಿ.
ನೀಲಿ ಪಾಪ್ಲಿನ್ನು ಹಾಸಿದ್ದೇನೆ, ಇನ್ನೂ ಕತ್ತರಿಸಿಲ್ಲ.
ಒಳಗೆ ಎರಡಿಂಚು ಬಿಡುತ್ತೇನೆ,
ಹಿಡಿಯುವುದಕ್ಕೋ ಬಿಚ್ಚುವುದಕ್ಕೋ,
ಇರಲಿ.